ಒಂದೇ ಫೈಲು, ಎರಡು ಸಲ ಮೂವತ್ತು ದಿನ

ದಾವಣಗೆರೆಯ ಮಂಡಿಪೇಟೆ ಹತ್ತಿರ ನನ್ನದೊಂದು ಚಿಕ್ಕ ಟ್ಯಾಕ್ಸ್ ಆಫೀಸಿದೆ. ನಾನು, ಬಿ.ಕಾಂ. ಮುಗಿಸಿದ ಒಬ್ಬ ಅಸಿಸ್ಟೆಂಟ್ ಹುಡುಗಿ, ಎರಡು ಕಂಪ್ಯೂಟರ್, ಗೋಡೆ ತುಂಬ ಫೈಲು. ಊರಿನವರ ಲಾಸ್ಟ್ ಡೇಟುಗಳನ್ನು ಕಾಯುವುದೇ ನಮ್ಮ ಕಸುಬು. ತಿಂಗಳ 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ಬಿಲ್ಲುಗಳ ಪಟ್ಟಿ), 20ಕ್ಕೆ 3ಬಿ (ಲೆಕ್ಕ ತೋರಿಸಿ ತೆರಿಗೆ ಕಟ್ಟುವ ರಿಟರ್ನ್), ಜುಲೈ 31ಕ್ಕೆ ಇನ್‌ಕಂ ಟ್ಯಾಕ್ಸ್, ಸೆಪ್ಟೆಂಬರ್ 30ಕ್ಕೆ ಆಡಿಟ್ ರಿಪೋರ್ಟ್. ಈ ಕಸುಬು ಮಾಡುವ ನನಗೆ ಎಡಿಎಚ್‌ಡಿ ಇದೆ, ಗಮನ ಒಂದು ಕಡೆ ನಿಲ್ಲದ ತೊಂದರೆ. ನಗು ಬಂದರೆ ನಗಿ. ನನ್ನ ಹೆಂಡತಿಯೂ ನಕ್ಕಿದ್ದಳು.

ಇಲ್ಲಿ ಹೇಳುತ್ತಿರುವುದು ಒಂದೇ ಫೈಲಿನ ಕಥೆ. ಅದೇ ಪಾರ್ಟಿ, ಅದೇ ಲೆಕ್ಕ, ಅದೇ ನಾನು. ಒಂದು ಸಲ ಮೂವತ್ತು ದಿನ ಕೈಯಲ್ಲಿದ್ದೂ ಟ್ಯಾಕ್ಸ್ ನೋಟಿಸಿಗೆ ಉತ್ತರ ಕೊಡಲಿಲ್ಲ. ಇನ್ನೊಂದು ಸಲ ಮೂರು ದಿನ ಮುಂಚೆಯೇ ಕೊಟ್ಟೆ. ಪಾರ್ಟಿಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಊರು, ಮೊತ್ತ ಸ್ವಲ್ಪ ಬದಲಿಸಿದ್ದೇನೆ.

ಮೊದಲು ನನ್ನ ಹಿನ್ನೆಲೆ, ಚುಟುಕಾಗಿ. ಎಡಿಎಚ್‌ಡಿ ಅಂತ ಗೊತ್ತಾಗಿದ್ದು 2021ರಲ್ಲಿ, ನನಗಾಗ 39. ಮಗನಿಗೆ ತೋರಿಸಲು ಹೋದವರು ನಾವು. ಡಾಕ್ಟರು ಅವನ ಬಗ್ಗೆ ಕೇಳಿದ ಪ್ರಶ್ನೆಗೆಲ್ಲ ನನ್ನ ಹೆಂಡತಿ ನನ್ನ ಮುಖ ನೋಡುತ್ತಿದ್ದಳು. ವಯಸ್ಕರಲ್ಲಿ ಇದನ್ನು ಸುಮ್ನೆ ಒಂದು ಫಾರಂ ತುಂಬಿಸಿ ಹೇಳಿಬಿಡುವುದಿಲ್ಲ. ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಇದ್ದವಾ ಅಂತ ನೋಡುತ್ತಾರೆ. ಅಮ್ಮ ಟ್ರಂಕಿನಿಂದ ನನ್ನ ನಾಲ್ಕನೇ ಕ್ಲಾಸಿನ ಪ್ರೋಗ್ರೆಸ್ ಕಾರ್ಡ್ ತೆಗೆದುಕೊಟ್ಟರು. 'ಜಾಣ. ಕೂತ ಕಡೆ ಕೂರುವುದಿಲ್ಲ. ಕೊಟ್ಟ ಕೆಲಸ ಮುಗಿಸುವುದಿಲ್ಲ' ಅಂತ ಮೇಷ್ಟ್ರು ಕೆಂಪು ಇಂಕಿನಲ್ಲಿ ಬರೆದಿದ್ದರು. ಅಷ್ಟು ವರ್ಷ ಅಮ್ಮ ಅದನ್ನು ಇಟ್ಟುಕೊಂಡಿದ್ದು ಮೊದಲ ಪದ ನೋಡಿ.

ಆವತ್ತಿಂದ ಮಾತ್ರೆ ಶುರುವಾಯಿತು, ಮೀಥೈಲ್‌ಫೆನಿಡೇಟ್. ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿರುವ ಔಷಧಿ ಅದು. ಚೀಟಿ ಇಲ್ಲದೆ ಕೊಡುವುದಿಲ್ಲ, ಎಲ್ಲ ಅಂಗಡಿಯಲ್ಲೂ ಇಡುವುದಿಲ್ಲ. ನನಗೆ ಗುಣ ಕಂಡಿತು. ಎದುರಿಗಿರುವ ಕೆಲಸದಲ್ಲಿ ಕೂರಲು ಆಯಿತು. ಇನ್ನೇನು ಎಲ್ಲ ಸರಿಹೋಯಿತು ಅಂದುಕೊಂಡೆ. ಆದರೆ ಎದುರಿಗೆ ಯಾವ ಕೆಲಸ ಇರಬೇಕು ಅನ್ನುವುದನ್ನು ಮಾತ್ರೆ ಹೇಳುವುದಿಲ್ಲ. ಎಷ್ಟೋ ದಿನ ಮಾತ್ರೆ ನುಂಗಿ, ಮೂರು ತಾಸು ಅಲುಗಾಡದೆ ಕೂತು, ಯಾರಿಗೂ ಬೇಡದ ಹಳೇ ಎಕ್ಸೆಲ್ ಶೀಟಿಗೆ ಬಣ್ಣ ಹಚ್ಚಿದ್ದೇನೆ.

ಇನ್ನೊಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. 20ನೇ ತಾರೀಕನ್ನು ನಾನು ತಪ್ಪಿಸಿದವನೇ ಅಲ್ಲ. 3ಬಿ ಒಂದು ದಿನ ತಡವಾದರೆ ದಿನಕ್ಕೆ ₹50 ಲೇಟ್ ಫೀ ಬೀಳುತ್ತದೆ, ತೆರಿಗೆ ಬಾಕಿಗೆ ವರ್ಷಕ್ಕೆ 18% ಬಡ್ಡಿ. 18ರಿಂದಲೇ ಫೋನು ಬಡಿದುಕೊಳ್ಳುತ್ತಿರುತ್ತದೆ. 19ರ ರಾತ್ರಿ ಮಂಡಕ್ಕಿ ಮಿರ್ಚಿ ತರಿಸಿಕೊಂಡು ಕೂತರೆ ಬೆಳಗಾಗುವಷ್ಟರಲ್ಲಿ ಇಪ್ಪತ್ತು ರಿಟರ್ನ್ ಮುಗಿದಿರುತ್ತವೆ. ಇದನ್ನು ನೋಡಿದವರು 'ಮನಸ್ಸು ಮಾಡಿದ್ರೆ ಮಾಡ್ತಾನೆ' ಅನ್ನುತ್ತಾರೆ. ಅಪ್ಪ ಹಾಗೇ ಅನ್ನುತ್ತಿದ್ದರು. ನಾನೂ ಅದನ್ನೇ ನಂಬಿದ್ದೆ, ಅದಕ್ಕೇ ಇಷ್ಟು ವರ್ಷ ನನ್ನನ್ನು ನಾನೇ ಬೈದುಕೊಂಡಿದ್ದು. ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಎಡಿಎಚ್‌ಡಿ ಇರುವವರಿಗೆ ಕಾಲದ ವಿಷಯದಲ್ಲಿ ಸಮೀಪದೃಷ್ಟಿ ಅನ್ನುತ್ತಾರೆ. ಹತ್ತಿರದ್ದು ಮಾತ್ರ ಕಾಣುತ್ತದೆ, ದೂರದ್ದು ಮಸುಕು. ನನಗೆ ನಾಳೆ ಕಾಣುತ್ತದೆ. ಮುಂದಿನ ತಿಂಗಳು ಕಾಣುವುದಿಲ್ಲ.

ಈಗ ಫೈಲಿಗೆ ಬರೋಣ.

ಹರಿಹರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಸಾಹುಕಾರರು ನನ್ನ ಹಳೇ ಪಾರ್ಟಿ, ಅರವತ್ತು ದಾಟಿದವರು. 2023ರ ಆಗಸ್ಟ್ 9, ಬುಧವಾರ, ಅವರ ಹೆಸರಿಗೆ ಜಿಎಸ್‌ಟಿ ಪೋರ್ಟಲ್ಲಿನಲ್ಲಿ ಎಎಸ್‌ಎಂಟಿ-10 ಬಂತು, ಲೆಕ್ಕದ ವ್ಯತ್ಯಾಸಕ್ಕೆ ವಿವರಣೆ ಕೇಳುವ ನೋಟಿಸು. 2018-19ನೇ ಸಾಲಿನಲ್ಲಿ 3ಬಿಯಲ್ಲಿ ತೆಗೆದುಕೊಂಡ ಇನ್‌ಪುಟ್‌ಗೂ (ಖರೀದಿಗೆ ಕೊಟ್ಟ ತೆರಿಗೆಯ ಕಡಿತ) 2ಎಯಲ್ಲಿ (ಮಾಲು ಕೊಟ್ಟವರು ಹಾಕಿದ ಬಿಲ್ಲುಗಳ ಪಟ್ಟಿ) ತೋರಿಸುತ್ತಿರುವುದಕ್ಕೂ ₹3,81,000 ವ್ಯತ್ಯಾಸ ಇದೆ, 30 ದಿನದಲ್ಲಿ ಉತ್ತರ ಕೊಡಿ ಅಂತ. ಅಂದರೆ ಸೆಪ್ಟೆಂಬರ್ 8.

ಭಯ ಬೀಳುವ ನೋಟಿಸೇನಲ್ಲ. ಆ ವರ್ಷಗಳಲ್ಲಿ ಇಂಥ ವ್ಯತ್ಯಾಸ ಎಲ್ಲರ ಲೆಕ್ಕದಲ್ಲೂ ಇತ್ತು. ಅದಕ್ಕಾಗೇ 2022ರ ಡಿಸೆಂಬರ್ 27ರಂದು 183ನೇ ನಂಬರಿನ ಸರ್ಕ್ಯುಲರ್ ಬಂದಿತ್ತು. ಮಾಲು ಕೊಟ್ಟ ಪಾರ್ಟಿ ತೆರಿಗೆ ಕಟ್ಟಿದ್ದು ನಿಜ, ಬರೀ ಜಿಎಸ್‌ಟಿಆರ್-1ರಲ್ಲಿ ತೋರಿಸುವಾಗ ಎಡವಟ್ಟಾಗಿದೆ ಅಂದರೆ ಅವರಿಂದ ಒಂದು ಸರ್ಟಿಫಿಕೇಟ್ ತಂದುಕೊಟ್ಟರೆ ಸಾಕು. ಒಬ್ಬ ಪಾರ್ಟಿಯ ವ್ಯತ್ಯಾಸ ವರ್ಷಕ್ಕೆ ₹5 ಲಕ್ಷ ದಾಟಿದರೆ ಮಾತ್ರ ಸಿಎ ಸರ್ಟಿಫಿಕೇಟ್ ಬೇಕು. ನಮ್ಮ ಫೈಲಿನಲ್ಲಿ ಹೀಗೆ ಮಾಲು ಕೊಟ್ಟವರು ಮೂರು ಪಾರ್ಟಿ: ಹುಬ್ಬಳ್ಳಿಯದು ₹1,92,000, ಬೆಂಗಳೂರಿನದು ₹1,31,000, ರಾಣೆಬೆನ್ನೂರಿನದು ₹58,000. ಮೂರೂ ಐದು ಲಕ್ಷದ ಒಳಗೇ. ಮೂರು ಕಾಗದ ತರಿಸಬೇಕು, ಒಂದು ಪಟ್ಟಿ ಮಾಡಬೇಕು, ಒಂದು ಉತ್ತರ ಬರೆಯಬೇಕು.

'ಎರಡು ತಾಸಿನ ಕೆಲಸ' ಅಂತ ಸಾಹುಕಾರರಿಗೆ ಅವತ್ತೇ ಫೋನ್ ಮಾಡಿ ಹೇಳಿದೆ. ಫೋನಿನಲ್ಲಿ ರಿಮೈಂಡರ್ ಹಾಕಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಸೆಪ್ಟೆಂಬರ್ 8ಕ್ಕೆ ಕೆಂಪು ಸುತ್ತು ಹಾಕಿದೆ. ಸುತ್ತು ಹಾಕಿದ ಕೂಡಲೇ ಕೆಲಸ ಅರ್ಧ ಆದಂತೆ ಒಂದು ನೆಮ್ಮದಿ. ಅದು ಮೋಸದ ನೆಮ್ಮದಿ ಅಂತ ಈಗ ಗೊತ್ತು.

ಹುಬ್ಬಳ್ಳಿಯವರಿಗೆ ಎರಡನೇ ದಿನ ಫೋನ್ ಮಾಡಿದೆ, ಕಳಿಸುತ್ತೇವೆ ಅಂದರು. ಬೆಂಗಳೂರಿನವರಿಗೆ ಈಮೇಲ್ ಹಾಕಿದೆ. ನಾಲ್ಕನೇ ದಿನ ರಾಣೆಬೆನ್ನೂರಿನ ನಂಬರ್ ಹುಡುಕಿದೆ. ಬಿಲ್ಲಿನ ಮೇಲಿದ್ದ ಲ್ಯಾಂಡ್‌ಲೈನ್ ಸತ್ತಿತ್ತು. ವಿಚಾರಿಸಿದರೆ ಕೊರೊನಾದಲ್ಲಿ ಅಂಗಡಿ ಮುಚ್ಚಿದೆ, ಯಜಮಾನರು ಮನೆಯಲ್ಲೇ ಇದ್ದಾರೆ ಅಂತ ಗೊತ್ತಾಯಿತು. ಮೊಬೈಲ್ ನಂಬರೂ ಸಿಕ್ಕಿತು. ಒಂದು ಹಳದಿ ಚೀಟಿಯಲ್ಲಿ ಬರೆದುಕೊಂಡು ಮಾನಿಟರಿನ ಅಂಚಿಗೆ ಅಂಟಿಸಿದೆ.

ಆ ಚೀಟಿ ಅಲ್ಲೇ ಉಳಿಯಿತು. ವ್ಯಾಪಾರ ಮುಚ್ಚಿ ಕೂತ ಮನುಷ್ಯನಿಗೆ ಫೋನ್ ಮಾಡಿ ಐದು ವರ್ಷದ ಹಿಂದಿನ ಬಿಲ್ಲಿಗೆ ಸಹಿ ಕೇಳುವುದು ಹೇಗೆ? ಮೊದಲ ಮಾತು ಏನಂತ ಆಡುವುದು? ಬೆಳಗ್ಗೆ ಹತ್ತಕ್ಕೆ 'ಈಗ ಬೇಡ, ಪೂಜೆ ಟೈಮು'. ಮಧ್ಯಾಹ್ನ 'ಊಟದ ಹೊತ್ತು'. ಸಂಜೆ 'ಈಗ ಮಾಡಿದರೆ ಸಿಟ್ಟಾಗುತ್ತಾರೆ'. ಹತ್ತು ದಿನ ಹೀಗೇ ಹೋಯಿತು. ಆಮೇಲೆ ಚೀಟಿ ಕಣ್ಣಿಗೆ ಬೀಳುವುದೇ ನಿಂತಿತು, ಗೋಡೆಯ ಬಿರುಕಿನ ಹಾಗೆ. ಆ ಒಂದು ಫೋನ್ ಆಗದೆ ಉಳಿದದ್ದಕ್ಕೂ ಕೈ ಹಾಕಲಿಲ್ಲ. ಹುಬ್ಬಳ್ಳಿಯವರು ಕಳಿಸಿದ ಕಾಗದದಲ್ಲಿ ತಪ್ಪಿತ್ತು, ತಿದ್ದಿಸಲಿಲ್ಲ. 2ಎ ಡೌನ್‌ಲೋಡ್ ಮಾಡಲಿಲ್ಲ. 20 ಬಂತು, 3ಬಿ ಗಲಾಟೆಯಲ್ಲಿ ಮುಳುಗಿದೆ. 25ಕ್ಕೆ ವರಮಹಾಲಕ್ಷ್ಮಿ ಹಬ್ಬ. ಆಮೇಲೆ ಆಡಿಟ್ ಸೀಸನ್. ರಿಮೈಂಡರ್ ದಿನಾ ಬೆಳಗ್ಗೆ ಕೂಗುತ್ತಿತ್ತು, ದಿನಾ ಬೆಳಗ್ಗೆ ಬೆರಳಲ್ಲಿ ಸರಿಸುತ್ತಿದ್ದೆ. ಅದು ಯಾಕೆ ಕೂಗುತ್ತಿದೆ ಅಂತ ಓದುವುದನ್ನೂ ಬಿಟ್ಟಿದ್ದೆ.

ಸೆಪ್ಟೆಂಬರ್ 8 ಹೇಗೆ ಹೋಯಿತು ಅಂತ ನನಗೆ ನೆನಪಿಲ್ಲ. ನಿಜವಾಗಲೂ ಇಲ್ಲ.

ನಾಚಿಕೆ ಆಗುವ ಭಾಗ ಇದರ ನಂತರದ್ದು. ಅಧಿಕಾರಿಯನ್ನು ಕೇಳಿ ಇನ್ನಷ್ಟು ದಿನ ಪಡೆಯುವ ಅವಕಾಶ ನಿಯಮದಲ್ಲೇ ಇದೆ. ಬೇರೆ ಪಾರ್ಟಿಗಳಿಗೆ ನಾನೇ ಎಷ್ಟೋ ಸಲ ಮಾಡಿಸಿಕೊಟ್ಟಿದ್ದೇನೆ. ಇಲ್ಲಿ ಮಾತ್ರ ಎರಡೂವರೆ ತಿಂಗಳು ಆ ಫೈಲನ್ನು ಮುಟ್ಟಲಿಲ್ಲ. ರ‍್ಯಾಕಿನ ಆ ಕಡೆ ನೋಡುತ್ತಲೂ ಇರಲಿಲ್ಲ. ಸಾಹುಕಾರರ ಫೋನ್ ಬಂದರೆ 'ನಡೀತಾ ಇದೆ' ಅನ್ನುತ್ತಿದ್ದೆ. ಇದನ್ನು ಸೋಮಾರಿತನ ಅನ್ನುವವರಿಗೆ ಒಂದು ಮಾತು: ಆ ಎರಡೂವರೆ ತಿಂಗಳು ನಾನು ಆ ಫೈಲಿನ ಬಗ್ಗೆ ಯೋಚಿಸದ ದಿನ ಒಂದೂ ಇರಲಿಲ್ಲ. ಕೆಲಸ ಮಾಡಿ ಮುಗಿಸಿದ್ದರೆ ಆಗುತ್ತಿದ್ದ ಸುಸ್ತಿಗಿಂತ ಅದು ಜಾಸ್ತಿ.

ನವೆಂಬರ್ 21, ಮಂಗಳವಾರ. ಅಸಿಸ್ಟೆಂಟ್ ಬಂದು, 'ಸರ್, ಹರಿಹರದವರಿಗೆ ಡಿಆರ್‌ಸಿ-01 ಬಂದಿದೆ' ಅಂದಳು. ಅಂದರೆ ವಿವರಣೆ ಕೇಳುವ ಹಂತ ಮುಗಿದು ಶೋಕಾಸ್ ನೋಟಿಸಿಗೆ ಬಂದಿತ್ತು. ಮತ್ತೆ 30 ದಿನ, ಡಿಸೆಂಬರ್ 21ಕ್ಕೆ. ಈ ಸಲ ಹಲ್ಲಿದ್ದ ನೋಟಿಸು. ಜಿಎಸ್‌ಟಿ ಕಾಯ್ದೆಯ 73ನೇ ಕಲಮಿನ ಪ್ರಕಾರ 30 ದಿನದೊಳಗೆ ಬಾಕಿ ತೆರಿಗೆಯನ್ನು ಬಡ್ಡಿ ಸಮೇತ ಕಟ್ಟಿಬಿಟ್ಟರೆ ದಂಡ ಇಲ್ಲ. ಆಮೇಲೆ ಆದೇಶ ಆದರೆ ತೆರಿಗೆಯ 10% ಅಥವಾ ₹10,000, ಯಾವುದು ಜಾಸ್ತಿಯೋ ಅದು.

ಅವತ್ತು ಸಂಜೆ ಹರಿಹರಕ್ಕೆ ಹೋದೆ. ಫೋನಿನಲ್ಲಿ ಹೇಳಲು ಧೈರ್ಯ ಸಾಲಲಿಲ್ಲ. ಸಾಹುಕಾರರು ಕೌಂಟರಿನಲ್ಲಿ ಮೊಳೆ ತೂಗುತ್ತಿದ್ದರು. ಹೇಳಿದೆ. ತಕ್ಕಡಿ ನಿಲ್ಲುವ ತನಕ ಅವರು ಮಾತಾಡಲಿಲ್ಲ. ಗಿರಾಕಿಗೆ ಪೊಟ್ಟಣ ಕೊಟ್ಟು, ಚಿಲ್ಲರೆ ಎಣಿಸಿ, ಆಮೇಲೆ ಕೇಳಿದರು.

'ಯಾವ ಪಾರ್ಟಿದು ಬಂದಿಲ್ಲ ಅಂದ್ರಿ?'

'ರಾಣೆಬೆನ್ನೂರಿಂದು. ಫೋನ್ ಮಾಡಕ್ಕೆ ಆಗಲಿಲ್ಲ.'

'ಅಯ್ಯೋ ಸಾರ್, ಆ ಮನುಷ್ಯ ನಮ್ಮ ಬೀಗರ ಪೈಕಿ. ಒಂದು ಮಾತು ಹೇಳಿದ್ರೆ ನಾನೇ ಮಾಡ್ತಿದ್ನಲ್ರೀ.'

ಜೇಬಿನಿಂದ ಫೋನ್ ತೆಗೆದು ನನ್ನೆದುರೇ ಮಾಡಿದರು. ಮಗಳ ಯೋಗಕ್ಷೇಮ, ಮೆಕ್ಕೆಜೋಳದ ರೇಟು, ಕೊನೆಗೆ ಒಂದು ವಾಕ್ಯ ಸರ್ಟಿಫಿಕೇಟಿನ ಬಗ್ಗೆ. ಒಟ್ಟು ನಾಲ್ಕು ನಿಮಿಷ.

ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಸಮಾಧಾನ ಆಗುವ ಬದಲು ಸಿಟ್ಟು ಬಂತು. ಸಾಹುಕಾರರ ಮೇಲಲ್ಲ. ನಾನು ಸೆಪ್ಟೆಂಬರ್ 8ನ್ನು ತಪ್ಪಿಸಿದೆ ಅಂದುಕೊಂಡಿದ್ದೆ. ಲೆಕ್ಕ ಹಾಕಿದರೆ ಕೆಲಸ ಕೆಟ್ಟಿದ್ದು ಆಗಸ್ಟ್ 12ಕ್ಕೆ, ಆ ಹಳದಿ ಚೀಟಿ ಅಂಟಿಸಿದ ದಿನ. ಅವತ್ತೇ ಅಸಿಸ್ಟೆಂಟ್‌ಗೋ ಸಾಹುಕಾರರಿಗೋ 'ಈ ಒಂದು ಫೋನ್ ನನ್ನ ಕೈಲಾಗ್ತಿಲ್ಲ' ಅಂದಿದ್ದರೆ ಮುಗಿಯುತ್ತಿತ್ತು. ನಾನು ಕ್ಯಾಲೆಂಡರಿನಲ್ಲಿ ಸುತ್ತು ಹಾಕಿದ್ದು ತಪ್ಪು ತಾರೀಕಿಗೆ.

ಅಷ್ಟು ಹೊತ್ತಿಗೆ ನಾನು ಬೆಂಗಳೂರಿನ ಒಬ್ಬ ಸೈಕಾಲಜಿಸ್ಟ್ ಮೇಡಂ ಜೊತೆ ವಾರಕ್ಕೊಂದು ಸಲ ವಿಡಿಯೋದಲ್ಲಿ ಮಾತಾಡಲು ಶುರು ಮಾಡಿ ತಿಂಗಳಾಗಿತ್ತು. ಮಾತ್ರೆ ತಗೊಂಡೂ ಹೀಗ್ಯಾಕೆ ಅಂತ ಮೊದಲ ದಿನವೇ ಕೇಳಿದ್ದೆ. ಅವರು 2010ರ ಒಂದು ಅಧ್ಯಯನದ ಬಗ್ಗೆ ಹೇಳಿದರು. ಅಮೆರಿಕದಲ್ಲಿ ಸ್ಟೀವನ್ ಸ್ಯಾಫ್ರನ್ ಮತ್ತು ಸಂಗಡಿಗರು, ಮಾತ್ರೆ ತೆಗೆದುಕೊಂಡೂ ತೊಂದರೆ ಪೂರ್ತಿ ಹೋಗದ 86 ಮಂದಿ ದೊಡ್ಡವರನ್ನು ಎರಡು ಗುಂಪು ಮಾಡಿದರಂತೆ. ಒಂದು ಗುಂಪಿಗೆ ಕೆಲಸ ಹಂಚಿಕೊಳ್ಳುವ, ಗಮನ ಹಿಡಿದಿಡುವ ಅಭ್ಯಾಸಗಳನ್ನು ಕಲಿಸುವ ಚಿಕಿತ್ಸೆ. ಇನ್ನೊಂದಕ್ಕೆ ಮೈಮನಸ್ಸು ಸಡಿಲ ಬಿಡುವ ತರಬೇತಿ ಮತ್ತು ತಿಳಿವಳಿಕೆ. ಮೊದಲ ಗುಂಪಿನವರಿಗೆ ಜಾಸ್ತಿ ಗುಣ ಕಂಡಿತು. ಕಲಿಯಬೇಕಾದ್ದು ಕಲಿಯಲೇಬೇಕು ಅಂತಾಯಿತು, ನಲವತ್ತು ದಾಟಿದ ಮೇಲೂ.

ಎರಡನೇ ಮೂವತ್ತು ದಿನಕ್ಕೆ ಮೇಡಂ ಮೊದಲು ಹೇಳಿದ್ದು, ಕೊನೇ ದಿನವನ್ನು ಹತ್ತು ದಿನ ಮುಂಚೆ ಅಂತ ಬರೆದುಕೊಳ್ಳಿ ಅಂತ. ಇದು ನನಗೆ ಆಗಿಬರಲಿಲ್ಲ. ನಾನೇ ಹಾಕಿದ ಸುಳ್ಳು ಗಡುವನ್ನು ನಾನು ಹೇಗೆ ನಂಬಲಿ? ತಲೆ ಒಳಗೇ ಒಬ್ಬ ಗುಮಾಸ್ತ ಕೂತಿದ್ದಾನೆ, 'ನಿಜವಾದ್ದು 21ಕ್ಕೆ' ಅಂತ ಪಿಸುಗುಟ್ಟುತ್ತಾನೆ. ಹಾಗಾದರೆ ನಿಮ್ಮ 20ನೇ ತಾರೀಕು ಯಾಕೆ ಕೆಲಸ ಮಾಡುತ್ತದೆ ಅಂತ ಅವರು ಕೇಳಿದರು. ಜನ ಕಾಯುತ್ತಿರುತ್ತಾರೆ, ಅದಕ್ಕೆ. ಹಾಗಾದರೆ ಜನರನ್ನೇ ತನ್ನಿ ಅಂದರು.

ಸಾಹುಕಾರರನ್ನು ಕೇಳಿದೆ. ಪ್ರತಿ ಮಂಗಳವಾರ ಹನ್ನೊಂದಕ್ಕೆ ಆಫೀಸಿಗೆ ಬಂದು ಒಂದು ತಾಸು ನನ್ನೆದುರು ಕೂರಬೇಕು, ಅವರು ಇರುವಷ್ಟು ಹೊತ್ತು ನಾನು ಅವರ ಫೈಲು ಬಿಟ್ಟು ಬೇರೆ ಮುಟ್ಟುವುದಿಲ್ಲ. ಎಡಿಎಚ್‌ಡಿ ಅಂತೆಲ್ಲ ಹೇಳಲಿಲ್ಲ. 'ಎದುರಿಗೆ ಯಾರಾದ್ರೂ ಕೂತಿದ್ರೆ ಮಾತ್ರ ನನ್ನ ಕೈ ಓಡುತ್ತೆ ಸಾಹುಕಾರ್ರೆ' ಅಂದೆ. 'ನಮ್ಮ ಅಂಗಡಿ ಹುಡುಗ್ರೂ ಹಂಗೇ ಬಿಡ್ರಿ' ಅಂದರು. ಮಂಗಳವಾರ ಹೇಗೂ ಅವರಿಗೆ ದಾವಣಗೆರೆಯಲ್ಲಿ ಮಾಲು ಎತ್ತುವ ಕೆಲಸ ಇರುತ್ತಿತ್ತು.

ಹೀಗೆ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಕೆಲಸ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಬಾಡಿ ಡಬ್ಲಿಂಗ್ ಅಂತ ಹೆಸರಂತೆ. ನಮ್ಮ ಸಾಹುಕಾರರು ಪೇಪರ್ ಓದುತ್ತಾ, ಚಹಾ ಕುಡಿಯುತ್ತಾ, ನಡುವೆ ಒಂದು ನಿದ್ದೆಯನ್ನೂ ತೆಗೆಯುತ್ತಿದ್ದರು. ಅವರು ಗೊರಕೆ ಹೊಡೆದರೂ ನನ್ನ ಕೆಲಸ ನಡೆಯುತ್ತಿತ್ತು. ಯಾಕೆ ಅಂತ ನನ್ನನ್ನು ಕೇಳಬೇಡಿ. ನಡೆಯುತ್ತಿತ್ತು, ಅಷ್ಟೇ.

ಇನ್ನೊಂದು ಬದಲಾವಣೆ ಫೈಲಿನ ರಟ್ಟಿನ ಮೇಲೆ. ಡಿಸೆಂಬರ್ 21 ಅಂತ ಬರೆಯಲಿಲ್ಲ. ಆ ವಾರದ ಒಂದೇ ಕೆಲಸ ಬರೆದೆವು, ಪಕ್ಕದಲ್ಲಿ ಅದು ಯಾರ ಕೈಲಿದೆ ಅನ್ನುವುದು, ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವ ನನ್ನ ಅಂದಾಜು. ಮುಗಿದ ಮೇಲೆ ನಿಜವಾಗಿ ಹಿಡಿದ ಹೊತ್ತನ್ನು ಅಸಿಸ್ಟೆಂಟ್ ತುಂಬುತ್ತಿದ್ದಳು. ಆ ರಟ್ಟು ಇನ್ನೂ ಇಟ್ಟುಕೊಂಡಿದ್ದೇನೆ. ಹನ್ನೆರಡು ತಿಂಗಳ 2ಎ ತೆಗೆದು ಬಿಲ್ಲಿಗೆ ತಾಳೆ ಹಾಕುವುದು: ಅಂದಾಜು ಒಂದು ತಾಸು, ಹಿಡಿದಿದ್ದು 3 ತಾಸು 20 ನಿಮಿಷ. ಹಳೇ ಬಿಲ್ಲು ಹುಡುಕುವುದು: ಅಂದಾಜು ಅರ್ಧ ತಾಸು. ಬಿಲ್ಲುಗಳು ಸಾಹುಕಾರರ ಅಟ್ಟದಲ್ಲಿ ಗೋಣಿಚೀಲದೊಳಗೆ ಇದ್ದವು, ಇಲಿ ತಿಂದು ಉಳಿಸಿದ್ದು, ಎರಡು ಮಧ್ಯಾಹ್ನ ಹೋದವು. ಸ್ಕ್ಯಾನ್ ಮಾಡಿ ಪೋರ್ಟಲ್ಲಿಗೆ ಹಾಕುವುದು: ಹತ್ತು ನಿಮಿಷ ಅಂದಿದ್ದೆ. ಒಂದು ಫೈಲು 5 ಎಂಬಿ ದಾಟುವ ಹಾಗಿಲ್ಲ, ನಮ್ಮದು 23 ಎಂಬಿ ಆಗಿತ್ತು. ಕುಗ್ಗಿಸಿ, ತುಂಡು ಮಾಡಿ, ಹೆಸರಿಟ್ಟು ಮುಗಿಸಲು 50 ನಿಮಿಷ. ನಾನು ಹೆದರಿದ್ದ ಉತ್ತರ ಬರೆಯುವ ಕೆಲಸ ಮಾತ್ರ ಅಂದಾಜಿಗಿಂತ ಬೇಗ ಆಯಿತು, 40 ನಿಮಿಷ. ಒಟ್ಟು 11 ತಾಸು 40 ನಿಮಿಷ. ಸಾಹುಕಾರರಿಗೆ ನಾನು ಹೇಳಿದ್ದು ಎರಡು ತಾಸು.

ಕೆಲಸದ ಅಂದಾಜು ಕಮ್ಮಿ ಹೇಳುವುದು ಎಲ್ಲರ ಚಾಳಿಯೇ, ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲೇ ಅದಕ್ಕೆ 'ಪ್ಲಾನಿಂಗ್ ಫ್ಯಾಲಸಿ' ಅಂತ ಹೆಸರಿಟ್ಟಿದ್ದಾರೆ. ಮನೆ ಕಟ್ಟಿಸಿದವರಿಗೆ ಅವರನ್ನು ಓದುವ ಅಗತ್ಯವೂ ಇಲ್ಲ. ಆದರೆ ಆರು ಪಟ್ಟು ಅಂದರೆ ಸ್ವಲ್ಪ ಜಾಸ್ತಿಯೇ ಅಲ್ವಾ?

ಕೆಲಸದ ನಡುವೆ ಬೇರೇನಾದರೂ ತಲೆಗೆ ಹೊಕ್ಕರೆ ಕೂಡಲೇ ಎದ್ದುಹೋಗದೆ ಒಂದು ಪುಸ್ತಕದಲ್ಲಿ ಬರೆದಿಟ್ಟು ಮುಂದುವರಿಯಬೇಕು, ಮೇಡಂ ಹೇಳಿಕೊಟ್ಟಿದ್ದು. ಮೊದಲ ಮಂಗಳವಾರ ಒಂದು ತಾಸಿನಲ್ಲಿ ನಾನು ಬರೆದಿಟ್ಟದ್ದು ಹದಿನೇಳು: 'ಇನ್ವರ್ಟರ್ ನೀರು', 'ಮಗನ ಶೂ', 'ತಕ್ಕಡಿಗೆ ಮುದ್ರೆ ಹಾಕುವವರು ಯಾರು?' ಹೀಗೆ. ಸಂಜೆ ನೋಡಿದರೆ ಅದರಲ್ಲಿ ನಿಜವಾಗಿ ಬೇಕಿದ್ದದ್ದು ಇನ್ವರ್ಟರ್ ನೀರೊಂದೇ. ಅದನ್ನೂ ಹಾಕಲು ಮರೆತೆ.

ಎಲ್ಲ ನೆಟ್ಟಗೆ ನಡೆಯಿತು ಅಂದುಕೊಳ್ಳಬೇಡಿ. ಡಿಸೆಂಬರ್ 5ರ ಮಂಗಳವಾರ ಸಾಹುಕಾರರು ಮದುವೆಗೆ ಹೋದರು. ಅವರು ಬರಲಿಲ್ಲ, ಕೆಲಸವೂ ಆಗಲಿಲ್ಲ. ಶುಕ್ರವಾರದ ತನಕ ಸೊನ್ನೆ. ರಟ್ಟು, ಪುಸ್ತಕ, ಪಟ್ಟಿ ಎಲ್ಲ ಅಲ್ಲೇ ಇದ್ದವು, ನನ್ನನ್ನು ಕೂರಿಸಲು ಯಾವುದಕ್ಕೂ ಆಗಲಿಲ್ಲ. ಶನಿವಾರ ಅಸಿಸ್ಟೆಂಟ್ ತಾನೇ ಸಾಹುಕಾರರ ಕುರ್ಚಿಯಲ್ಲಿ ಬಂದು ಕೂತಳು. 'ಸರ್, ನಾನು ಪೇಪರ್ ಓದ್ಲಾ?' ಅಂದಳು. ಅವತ್ತು 2ಎ ತಾಳೆ ಹಾಕುವುದು ಮುಗಿಯಿತು.

ತಾಳೆ ಹಾಕಿದಾಗ ಬಂದ ಚಿತ್ರ ಇದು. ಹುಬ್ಬಳ್ಳಿಯವರು ಬಿಲ್ಲುಗಳನ್ನು ಸಾಹುಕಾರರ ತಮ್ಮನ ಅಂಗಡಿಯ ಜಿಎಸ್‌ಟಿ ನಂಬರಿಗೆ ಹಾಕಿದ್ದರು. ಬೆಂಗಳೂರಿನವರು ಕೆಲವು ಬಿಲ್ಲು ತೋರಿಸುವುದನ್ನೇ ಬಿಟ್ಟಿದ್ದರು, ತೆರಿಗೆ ಮಾತ್ರ ಕಟ್ಟಿದ್ದರು. ರಾಣೆಬೆನ್ನೂರಿನವರು ನಮ್ಮ ಬಿಲ್ಲುಗಳನ್ನು ಚಿಲ್ಲರೆ ಗಿರಾಕಿಗಳ ಲೆಕ್ಕಕ್ಕೆ ಸೇರಿಸಿದ್ದರು. ಮೂರೂ ಆ ಸರ್ಕ್ಯುಲರಿನೊಳಗೆ ಬರುವ ತಪ್ಪುಗಳೇ. ರಾಣೆಬೆನ್ನೂರಿನ ಎರಡು ಬಿಲ್ಲಿಗೆ ಮಾತ್ರ ಅವರು ತೆರಿಗೆಯನ್ನೇ ಕಟ್ಟಿರಲಿಲ್ಲ, ₹9,400. ಅದಕ್ಕೆ ಸರ್ಟಿಫಿಕೇಟ್ ಕೇಳುವ ಹಾಗೇ ಇಲ್ಲ. ಬಡ್ಡಿ ಸಮೇತ ಕಟ್ಟಿಬಿಡೋಣ ಅಂದರು ಸಾಹುಕಾರರು. ಬಡ್ಡಿ ನನ್ನ ಲೆಕ್ಕಕ್ಕೆ ಅಂದೆ. ಒಪ್ಪಲಿಲ್ಲ. ಆ ವರ್ಷದ ನನ್ನ ಫೀಸು ಬಿಟ್ಟೆ.

ಡಿಸೆಂಬರ್ 18, ಸೋಮವಾರ ಮಧ್ಯಾಹ್ನ ಮೂರಕ್ಕೆ ಡಿಆರ್‌ಸಿ-06, ಅಂದರೆ ಉತ್ತರದ ಫಾರಂ, ಸಲ್ಲಿಸಿದೆವು. ಮೈ ಬೆವರಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಏನೋ ಬಿಟ್ಟುಹೋಗಿದೆ ಅನ್ನಿಸಿ ಸಂಜೆಯೊಳಗೆ ನಾಲ್ಕು ಸಲ ತೆರೆದು ನೋಡಿದೆ. ಎಲ್ಲ ಇತ್ತು. ರಾತ್ರಿ ಜಾಗರಣೆ ಇಲ್ಲದೆ ಮುಗಿದ ಕೆಲಸ ಮುಗಿದ ಹಾಗೇ ಅನ್ನಿಸುವುದಿಲ್ಲ ನನಗೆ. ಇದನ್ನು ಮೇಡಂಗೆ ಹೇಳಿದಾಗ ಅವರು ನಗಲಿಲ್ಲ, ಬರೆದುಕೊಂಡರು.

ಅಧಿಕಾರಿ ನಮ್ಮ ಉತ್ತರ ಒಪ್ಪಿದರು. ಕಟ್ಟಿದ ₹9,400 ಮತ್ತು ಬಡ್ಡಿ ಬಿಟ್ಟು ಬೇರೇನೂ ಉಳಿಯಲಿಲ್ಲ. ಸಾಹುಕಾರರು ಈಗಲೂ ಮಂಗಳವಾರ ಬರುತ್ತಾರೆ, ಅವರದೇನೂ ಕೆಲಸ ಇಲ್ಲದಿದ್ದರೂ. ಅವರು ಪೇಪರ್ ಬಿಚ್ಚಿದ ಕೂಡಲೇ ನಾನು ಯಾವುದಾದರೂ ಹಳೇ ನೋಟಿಸು ತೆಗೆಯುತ್ತೇನೆ. ಇದು ಎಷ್ಟು ದಿನ ನಡೆಯುತ್ತದೋ ಗೊತ್ತಿಲ್ಲ, ಅವರಿಗೂ ವಯಸ್ಸಾಯಿತು. ಬದಲಿಗೆ ಯಾರು ಅಂತ ಹುಡುಕಬೇಕು. ಹುಡುಕುವುದನ್ನು ರಟ್ಟಿನ ಮೇಲೆ ಬರೆದಿದ್ದೇನೆ.

ಇಷ್ಟೆಲ್ಲ ಬರೆದವನು ಆ ವರ್ಷದ ತನ್ನ ಸ್ವಂತ ಇನ್‌ಕಂ ಟ್ಯಾಕ್ಸ್ ರಿಟರ್ನ್ ಹಾಕಿದ್ದು ಡಿಸೆಂಬರ್ 31ಕ್ಕೆ, ರಾತ್ರಿ ಹನ್ನೊಂದು ದಾಟಿದ ಮೇಲೆ, 234ಎಫ್ ಪ್ರಕಾರ ₹5,000 ಲೇಟ್ ಫೀ ಕಟ್ಟಿ. ನನ್ನ ರಿಟರ್ನಿಗೆ ಕಾಯುವವರು ಯಾರೂ ಇಲ್ಲವಲ್ಲ. 2024ರ ಏಪ್ರಿಲ್‌ನಲ್ಲಿ ನನ್ನ ಸ್ವಂತ ಫೈಲನ್ನು ಅಸಿಸ್ಟೆಂಟ್‌ಗೆ ಕೊಟ್ಟೆ. ಬೇರೆ ಪಾರ್ಟಿಗಳಿಗೆ ಹಾಕುವಷ್ಟೇ ಫೀಸು ಹೇಳಿದಳು, ಅಡ್ವಾನ್ಸ್ ಬೇರೆ. ಜುಲೈ 12ಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಯಾಕೆ ಇನ್ನೂ ಕೊಟ್ಟಿಲ್ಲ ಅಂತ ನನ್ನದೇ ಆಫೀಸಿನಲ್ಲಿ, ಎದುರಿನ ಟೇಬಲ್ಲಿನಿಂದ, ನನಗೆ ಫೋನ್ ಬಂತು.